ಡಿಗ್ರಿಗೆ ಊರಿನ ಚಿಕ್ಕ ಕಾಲೇಜೋ, ಸಿಟಿಯ ದೊಡ್ಡ ಕಾಲೇಜೋ?

ಸೆಕೆಂಡ್ ಪಿಯು ರಿಸಲ್ಟ್ ಬಂದರೆ ಸಾಕು, ಮನೆಮನೆಯಲ್ಲೂ ಇದೇ ಮಾತು. ಇಂಜಿನಿಯರಿಂಗ್‌ಗೆ ಹೋಗುವವರಿಗಾದರೆ ಸಿಇಟಿ ರ‍್ಯಾಂಕೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಬಿಎ, ಬಿಎಸ್ಸಿ, ಬಿಕಾಂ ಸೇರುವವರಿಗೆ ಹಾಗಲ್ಲ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೂ ಸೀಟು ಸಿಗುತ್ತದೆ, ಮಾರ್ಕ್ಸ್ ಚೆನ್ನಾಗಿದ್ದರೆ ಮೈಸೂರು, ಮಂಗಳೂರು, ಧಾರವಾಡ, ಬೆಂಗಳೂರಿನ ಹೆಸರುವಾಸಿ ಕಾಲೇಜಿನಲ್ಲೂ ಸಿಗುತ್ತದೆ. ಆಗ ಶುರುವಾಗುತ್ತದೆ ಗೊಂದಲ. ಮಾವ ಒಂದು ಹೇಳುತ್ತಾರೆ, ಪಕ್ಕದ ಮನೆಯ ಅಕ್ಕ ಇನ್ನೊಂದು ಹೇಳುತ್ತಾರೆ, ಕೊನೆಗೆ ಫ್ರೆಂಡ್ಸ್ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೇ ಅರ್ಜಿ ಹಾಕಿ ಬರೋದು ಜಾಸ್ತಿ.

ರಾಜ್ಯದಲ್ಲಿ 430ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಒಂದೊಂದು ತಾಲ್ಲೂಕಿನಲ್ಲಿ ಎರಡು ಮೂರು ಇರುವುದೂ ಉಂಟು. ಇನ್ನೊಂದು ಕಡೆ 1928ರಲ್ಲಿ ಶುರುವಾದ ಮೈಸೂರಿನ ಯುವರಾಜ ಕಾಲೇಜು, 1917ರ ಧಾರವಾಡದ ಕರ್ನಾಟಕ ಕಾಲೇಜಿನಂಥ ಹಳೆಯ ದೊಡ್ಡ ಸಂಸ್ಥೆಗಳಿವೆ. ದೊಡ್ಡದು ಅಂದರೆ ಒಳ್ಳೆಯದು, ಊರಿನದು ಅಂದರೆ ಬೇರೆ ಗತಿ ಇಲ್ಲದವರಿಗೆ ಅನ್ನುವ ಭಾವನೆ ನಮ್ಮ ಕಡೆ ತುಂಬಾ ಗಟ್ಟಿಯಾಗಿದೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹಾಗಂತ ಊರ ಕಾಲೇಜೇ ಸಾಕು, ಸಿಟಿಗೆ ಯಾಕೆ ಅನ್ನುವ ಮಾತನ್ನೂ ಒಪ್ಪಲಾರೆ. ಎಷ್ಟೋ ಹೆಣ್ಣುಮಕ್ಕಳ ಓದು ಆ ಒಂದು ಮಾತಿನಿಂದಲೇ ಮೊಟಕಾಗಿದೆ.

ನಾನು ಹೇಳಬೇಕಿರುವುದು ಮುಖ್ಯವಾಗಿ ಒಂದೇ. ಕಾಲೇಜು ಎಷ್ಟು ದೊಡ್ಡದು ಅಂತ ನೋಡಬೇಡಿ, ನೀವು ಕೂರುವ ಕ್ಲಾಸು ಎಷ್ಟು ದೊಡ್ಡದು ಅಂತ ನೋಡಿ. ಎರಡೂ ಬೇರೆ ಬೇರೆ. ಚಿಕ್ಕ ಸರ್ಕಾರಿ ಕಾಲೇಜಿನಲ್ಲೂ ಬಿಕಾಂ ಮೊದಲ ವರ್ಷದ ರೂಮು ಕಿಕ್ಕಿರಿದು ಬೆಂಚಿಗೆ ನಾಲ್ಕು ಜನ ಕೂತಿರುತ್ತಾರೆ. ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ ಭೌತಶಾಸ್ತ್ರ, ಗಣಿತ ತಗೊಂಡವರು ಹತ್ತೇ ಜನ ಇರಬಹುದು. ಸಿಟಿಯ ದೊಡ್ಡ ಕಾಲೇಜಿನಲ್ಲೂ ಇದೇ ಕಥೆ, ಬಿಕಾಂಗೆ ಎ ಬಿ ಸಿ ಡಿ ಅಂತ ಸೆಕ್ಷನ್‌ಗಳಿದ್ದರೆ ಭೂವಿಜ್ಞಾನಕ್ಕೋ ಐಚ್ಛಿಕ ಕನ್ನಡಕ್ಕೋ ಕೈಬೆರಳಲ್ಲಿ ಎಣಿಸುವಷ್ಟು ಜನ. ಮೂರು ವರ್ಷ ನೀವು ಇರುವುದು ಆ ಕ್ಲಾಸಿನಲ್ಲಿ, ಆ ಡಿಪಾರ್ಟ್‌ಮೆಂಟಿನಲ್ಲಿ. ಕಾಲೇಜಿನ ಗೇಟು, ಆಡಿಟೋರಿಯಂ, ಆನುಯಲ್ ಡೇ ಫೋಟೋ ಇವೆಲ್ಲ ಆಮೇಲಿನ ಮಾತು. ಆದ್ದರಿಂದ ವಿಚಾರಿಸುವಾಗ 'ಕಾಲೇಜು ಹೇಗಿದೆ' ಅಂತ ಕೇಳಬೇಡಿ. 'ಈ ಕಾಂಬಿನೇಷನ್‌ಗೆ ಕಳೆದ ವರ್ಷ ಎಷ್ಟು ಜನ ಸೇರಿದ್ರು, ಪಾಠ ಮಾಡೋರು ಯಾರು' ಅಂತ ಕೇಳಿ.

ಕಾಂಬಿನೇಷನ್ (ಒಟ್ಟಿಗೆ ಓದುವ ವಿಷಯಗಳ ಗುಂಪು) ಅಂದೆ ಅಲ್ವಾ, ಚಿಕ್ಕ ಕಾಲೇಜಿನ ಮೊದಲ ತೊಂದರೆ ಇರುವುದೇ ಅಲ್ಲಿ. ನಿಮಗೆ ಮೈಕ್ರೋಬಯಾಲಜಿ ಬೇಕು, ಮನಃಶಾಸ್ತ್ರ ಬೇಕು, ಪತ್ರಿಕೋದ್ಯಮ ಬೇಕು ಅಂದರೆ ತಾಲ್ಲೂಕಿನಲ್ಲಿ ಸಿಗದಿರಬಹುದು. ಇರೋದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಹೆಚ್ಚೆಂದರೆ ಸಮಾಜಶಾಸ್ತ್ರ. ಇನ್ನೊಂದು ಅಪಾಯವೂ ಇದೆ. ಪ್ರಾಸ್ಪೆಕ್ಟಸ್‌ನಲ್ಲಿ ಕಾಂಬಿನೇಷನ್ ಇರುತ್ತದೆ, ಆದರೆ ಸೇರಿದವರು ಮೂರ್ನಾಲ್ಕು ಜನ ಮಾತ್ರ ಆದರೆ ಆ ವರ್ಷ ಅದನ್ನು ನಡೆಸದೆ ಬೇರೆ ವಿಷಯಕ್ಕೆ ಹಾಕಿಬಿಡಬಹುದು. ಇಷ್ಟವಿಲ್ಲದ ವಿಷಯವನ್ನು ಮೂರು ವರ್ಷ ಓದುವ ಕಷ್ಟ ಓದಿದವರಿಗೇ ಗೊತ್ತು. ನಿಮಗೆ ಬೇಕಾದ ವಿಷಯ ಊರಲ್ಲಿ ಇಲ್ಲ ಅಂದರೆ ಉಳಿದ ಯಾವ ಲೆಕ್ಕವೂ ಬೇಡ, ಸಿಟಿಗೆ ಹೋಗುವ ದಾರಿ ಹುಡುಕಿ.

ಪಾಠ ಮಾಡುವವರು ಯಾರು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರಿ ಪದವಿ ಕಾಲೇಜುಗಳು ಬಹುಮಟ್ಟಿಗೆ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಅವರಲ್ಲಿ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್ ಪಾಸಾದವರಿದ್ದಾರೆ, ಪಿಎಚ್‌ಡಿ ಮಾಡಿದವರಿದ್ದಾರೆ, ಖಾಯಂ ಆದವರಿಗಿಂತ ಚೆನ್ನಾಗಿ ಪಾಠ ಮಾಡುವವರೂ ಇದ್ದಾರೆ. ತೊಂದರೆ ಅವರದ್ದಲ್ಲ, ವ್ಯವಸ್ಥೆಯದ್ದು. ವರ್ಷಕ್ಕೊಮ್ಮೆ ಹೊಸದಾಗಿ ಕೌನ್ಸೆಲಿಂಗ್ ಆಗಿ ಅವರು ಬರುವ ಹೊತ್ತಿಗೆ ಸೆಮಿಸ್ಟರ್ ಶುರುವಾಗಿ ವಾರಗಳೇ ಕಳೆದಿರುತ್ತವೆ. ಈ ವರ್ಷ ಇದ್ದ ಮೇಷ್ಟ್ರು ಮುಂದಿನ ವರ್ಷ ಬೇರೆ ತಾಲ್ಲೂಕಿನಲ್ಲಿರಬಹುದು. 2023ರ ಕೊನೆಯಲ್ಲಿ ಸೇವೆ ಖಾಯಂ ಮಾಡಿ ಅಂತ ಅವರು ತರಗತಿ ಬಿಟ್ಟು ಹೋರಾಟಕ್ಕೆ ಕೂತಾಗ ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು. ಅವರ ಬೇಡಿಕೆ ನ್ಯಾಯವಾದದ್ದೇ, ಆದರೆ ಹೊಡೆತ ಬಿದ್ದದ್ದು ಹೆಚ್ಚಾಗಿ ಊರಿನ ಮಕ್ಕಳಿಗೆ.

ಸಿಟಿಯ ದೊಡ್ಡ ಕಾಲೇಜಿನಲ್ಲಿ ಎಲ್ಲರೂ ಖಾಯಂ ಅಂತ ತಿಳಿಯಬೇಡಿ. ಸರ್ಕಾರ ಸಂಬಳ ಕೊಡುವ ಹಳೆಯ ಅನುದಾನಿತ ಖಾಸಗಿ ಕಾಲೇಜುಗಳಲ್ಲಿ ನಿವೃತ್ತರಾದವರ ಜಾಗ ತುಂಬದೆ ಖಾಲಿ ಉಳಿದಿರೋದು ಬಹಳ, ಅಲ್ಲಿಗೆ ಮ್ಯಾನೇಜ್‌ಮೆಂಟ್ ಕಡಿಮೆ ಸಂಬಳಕ್ಕೆ ಹೊಸಬರನ್ನು ತಗೊಂಡಿರುತ್ತದೆ. ಆದರೂ ಒಂದು ವ್ಯತ್ಯಾಸವಿದೆ. ದೊಡ್ಡ ಡಿಪಾರ್ಟ್‌ಮೆಂಟಿನಲ್ಲಿ ಐದಾರು ಜನ ಇರುತ್ತಾರೆ. ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರು ಆ ಪೇಪರ್ ತಗೊಳ್ಳುತ್ತಾರೆ. ಚಿಕ್ಕ ಕಾಲೇಜಿನಲ್ಲಿ ಇಡೀ ರಸಾಯನಶಾಸ್ತ್ರ ಒಬ್ಬರ ಹೆಗಲ ಮೇಲಿರಬಹುದು. ಆ ಒಬ್ಬರು ಒಳ್ಳೆಯವರಾಗಿದ್ದರೆ ನಿಮ್ಮ ಪುಣ್ಯ. ಹೆಸರು ಹಿಡಿದು ಕರೆಯುತ್ತಾರೆ, ಎರಡು ದಿನ ಬಾರದಿದ್ದರೆ ಮನೆಗೆ ಫೋನ್ ಮಾಡುತ್ತಾರೆ, ಎಂಎಸ್ಸಿ ಅರ್ಜಿಯ ಕೊನೇ ದಿನವನ್ನೂ ಅವರೇ ನೆನಪಿಸುತ್ತಾರೆ. ಅವರಿಗೆ ವರ್ಗಾವಣೆ ಆಯಿತು ಅನ್ನಿ, ಆಗ ಆಸರೆಗೆ ಇನ್ನೊಬ್ಬರಿಲ್ಲ.

ದೊಡ್ಡ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಮೂರು ವರ್ಷ ಕೂತು ಎದ್ದು ಹೋದರೂ ಮೇಷ್ಟ್ರಿಗೆ ಅವರ ಹೆಸರು ಗೊತ್ತಾಗಿರುವುದಿಲ್ಲ. ಇದು ಚಿಕ್ಕ ವಿಷಯವಲ್ಲ. ಮುಂದೆ ಸಮ್ಮರ್ ಪ್ರಾಜೆಕ್ಟಿಗೋ ವಿದೇಶದ ಅರ್ಜಿಗೋ ಶಿಫಾರಸು ಪತ್ರ ಬೇಕಾದಾಗ ನಿಮ್ಮನ್ನು ಗೊತ್ತಿರುವವರು ಒಬ್ಬರಾದರೂ ಬೇಕು. ದೊಡ್ಡ ಕಾಲೇಜಿನಲ್ಲಿ ಆ ಒಬ್ಬರನ್ನು ನೀವೇ ಹುಡುಕಿಕೊಂಡು ಹೋಗಬೇಕು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಬೇಕು. ಅದು ಬರುವ ಮಕ್ಕಳಿಗೆ ದೊಡ್ಡ ಕಾಲೇಜು ಬಂಗಾರ. ಬಾರದವರಿಗೆ ಮೊದಲ ವರ್ಷ ಬಹಳ ಒಂಟಿತನ.

ಲ್ಯಾಬಿನ ಮಾತು

ಬಿಎಸ್ಸಿ ಸೇರುವವರು ಇದನ್ನು ಗಮನವಿಟ್ಟು ಓದಿ. ಮೊದಲ ಸೆಮಿಸ್ಟರಿನ ಟೈಟ್ರೇಷನ್ ತಗೊಳ್ಳಿ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ. ಬ್ಯುರೆಟ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಫ್ಲಾಸ್ಕ್‌ನಲ್ಲಿ ಆಕ್ಸಾಲಿಕ್ ಆಸಿಡ್, ಎರಡು ಹನಿ ಫಿನಾಲ್ಫ್ತಲೀನ್. ಎಡಗೈಯಲ್ಲಿ ಬ್ಯುರೆಟ್ಟಿನ ನಲ್ಲಿ ತಿರುಗಿಸುತ್ತಾ ಬಲಗೈಯಲ್ಲಿ ಫ್ಲಾಸ್ಕ್ ಆಡಿಸುತ್ತಾ ಇರಬೇಕು. ಗುಲಾಬಿ ಬಣ್ಣ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕೊನೆಯ ಆ ಒಂದು ಹನಿಗೆ ತೆಳು ಗುಲಾಬಿ ನಿಂತುಬಿಡುತ್ತದೆ. ಆ ಒಂದು ಹನಿಯ ಹದ ಪುಸ್ತಕ ಓದಿ ಬರುವುದಿಲ್ಲ, ಕೈಗೇ ಬರಬೇಕು. ಜಾಸ್ತಿ ಬಿಟ್ಟರೆ ಗಾಢ ಗುಲಾಬಿ, ರೀಡಿಂಗ್ ಹಾಳು, ಮೊದಲಿಂದ ಮಾಡಬೇಕು. ತುಂಬಿದ ಬ್ಯಾಚಿನಲ್ಲಿ ಒಂದು ಬ್ಯುರೆಟ್‌ಗೆ ನಾಲ್ಕು ಜನ ಅಂದರೆ ಒಬ್ಬರು ನಲ್ಲಿ ತಿರುಗಿಸುತ್ತಾರೆ, ಒಬ್ಬರು ರೀಡಿಂಗ್ ಹೇಳುತ್ತಾರೆ, ಉಳಿದಿಬ್ಬರು ರೆಕಾರ್ಡಿಗೆ ಬರೆದುಕೊಂಡು ಹೋಗುತ್ತಾರೆ. ಆ ಇಬ್ಬರಿಗೂ ಪ್ರಾಕ್ಟಿಕಲ್‌ನಲ್ಲಿ ಮಾರ್ಕ್ಸ್ ಬರಬಹುದು, ಕೈಗೆ ಕೆಲಸ ಬಂದಿರುವುದಿಲ್ಲ.

ಹತ್ತು ಜನರ ಚಿಕ್ಕ ಕಾಲೇಜಿನಲ್ಲಿ ಪ್ರತಿಯೊಬ್ಬರಿಗೂ ಒಂದು ಬ್ಯುರೆಟ್ ಸಿಗುತ್ತದೆ, ತಪ್ಪಾದರೆ ಮತ್ತೆ ಮಾಡು ಅಂತ ಹೇಳಲು ಸಮಯವೂ ಇರುತ್ತದೆ. ಆದರೆ ಮೂರನೇ ವರ್ಷಕ್ಕೆ ಬಂದಾಗ ಮಾತು ತಿರುಗುತ್ತದೆ. ಆಗ ಬೇಕಾಗುವುದು ಪೊಟೆನ್ಷಿಯೋಮೀಟರ್, ಕಲರಿಮೀಟರ್, ಒಳ್ಳೆಯ ಮೈಕ್ರೋಸ್ಕೋಪ್, ಕೆಲಸ ಮಾಡುವ ಆಸಿಲೋಸ್ಕೋಪ್. ಚಿಕ್ಕ ಕಾಲೇಜಿನಲ್ಲಿ ಇವು ಇದ್ದರೂ ರಿಪೇರಿಗೆ ಕಾಯುತ್ತಾ ಬೀರುವಿನಲ್ಲಿ ಕೂತಿರಬಹುದು. ದೊಡ್ಡ ಕಾಲೇಜಿನಲ್ಲಿ, ಅದರಲ್ಲೂ ಎಂಎಸ್ಸಿ ನಡೆಯುವ ಕಡೆ, ಉಪಕರಣಗಳು ಚಾಲ್ತಿಯಲ್ಲಿರುತ್ತವೆ, ಎಂಎಸ್ಸಿಯ ಅಣ್ಣ ಅಕ್ಕಂದಿರು ಕೆಲಸ ಮಾಡೋದನ್ನು ನೋಡಿಯೇ ಅರ್ಧ ಕಲಿಯಬಹುದು. ನನ್ನ ಅಭಿಪ್ರಾಯ ಕೇಳಿದರೆ, ಸಂಶೋಧನೆಗೆ ಹೋಗುವ ಆಸೆ ಗಟ್ಟಿಯಾಗಿದ್ದರೆ ಬಿಎಸ್ಸಿಗೆ ಎಂಎಸ್ಸಿ ನಡೆಸುವ ಡಿಪಾರ್ಟ್‌ಮೆಂಟ್ ಇರುವ ಕಾಲೇಜೇ ಮೇಲು. ಲ್ಯಾಬು ತುಂಬಿದ್ದರೂ ಪರವಾಗಿಲ್ಲ, ಆ ನಲ್ಲಿ ನನ್ನ ಕೈಗೆ ಕೊಡಿ ಅಂತ ಕೇಳುವ ಧೈರ್ಯ ಮಾಡಿ.

ಬಿಎ, ಬಿಕಾಂಗೆ ಲ್ಯಾಬಿನ ಜಾಗದಲ್ಲಿ ಲೈಬ್ರರಿ. ಚಿಕ್ಕ ಕಾಲೇಜಿನ ಲೈಬ್ರರಿಗೆ ಹೋಗಿ ನಿಮ್ಮ ವಿಷಯದ ನಾಲ್ಕು ಪುಸ್ತಕ ತೆಗೆದು ಹಿಂದೆ ಅಂಟಿಸಿರುವ ಚೀಟಿಯಲ್ಲಿ ದಿನಾಂಕದ ಸೀಲು ನೋಡಿ. ಕೊನೆಯ ಸೀಲು ಹತ್ತು ವರ್ಷ ಹಳೆಯದಾಗಿದ್ದರೆ ಆ ಪುಸ್ತಕ ಯಾರೂ ಒಯ್ದಿಲ್ಲ ಅಂತ ಅರ್ಥ. ಸಿಲಬಸ್ ಎಷ್ಟು ಸಲ ಬದಲಾಗಿದೆ ನೋಡಿ, 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024-25ರಿಂದ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ ಆಯಿತು. ಹೊಸ ಪುಸ್ತಕ ತರಿಸದ ಲೈಬ್ರರಿಯಲ್ಲಿ ಗೈಡ್ ಒಂದೇ ಗತಿ.

ಭಾಷೆಯ ವಿಷಯವನ್ನೂ ಮುಚ್ಚಿಡದೆ ಮಾತಾಡೋಣ. ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳು ಬೆಂಗಳೂರಿನ ಕೆಲವು ದೊಡ್ಡ ಕಾಲೇಜುಗಳಿಗೆ ಸೇರಿದಾಗ ಮೊದಲ ಸೆಮಿಸ್ಟರ್ ಪೂರ್ತಿ ಬಾಯಿ ಬಿಡದೆ ಕೂರುತ್ತಾರೆ. ಪಾಠ ಇಂಗ್ಲಿಷಿನಲ್ಲಿ, ಕ್ಯಾಂಟೀನಿನ ಮಾತು ಇಂಗ್ಲಿಷ್ ಹಿಂದಿಯಲ್ಲಿ. ಕೆಲವರು ಆ ಒಂದು ವರ್ಷ ಕಷ್ಟಪಟ್ಟು ಎರಡನೇ ವರ್ಷಕ್ಕೆ ಚೆನ್ನಾಗಿ ಮಾತಾಡಲು ಕಲಿಯುತ್ತಾರೆ, ಮುಂದೆ ಇಂಟರ್‌ವ್ಯೂನಲ್ಲಿ ಅದೇ ಕೈ ಹಿಡಿಯುತ್ತದೆ. ಇನ್ನು ಕೆಲವರು ಪಾಸಾಗದೆ ಸಬ್ಜೆಕ್ಟ್ ಉಳಿಸಿಕೊಂಡು ಊರಿಗೆ ಬರುತ್ತಾರೆ. ತಾಲ್ಲೂಕಿನ ಕಾಲೇಜಿನಲ್ಲಿ ಬಿಎ, ಬಿಕಾಂ ಪಾಠ ಕನ್ನಡದಲ್ಲೇ ಆಗುತ್ತದೆ, ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ವಿಷಯ ತಲೆಗೆ ಹತ್ತುತ್ತದೆ. ಮೈಸೂರು, ಧಾರವಾಡ, ಶಿವಮೊಗ್ಗದಂಥ ಊರುಗಳು ಇವೆರಡರ ನಡುವೆ ಇವೆ. ಕಾಲೇಜು ದೊಡ್ಡದು, ಊರಿನ ಮಾತು ಕನ್ನಡ. ಹಳ್ಳಿಯಿಂದ ಮೊದಲ ಸಲ ಹೊರಗೆ ಹೋಗುವವರಿಗೆ ನಾನು ಬೆಂಗಳೂರಿಗಿಂತ ಇಂಥ ಊರನ್ನೇ ಹೇಳುತ್ತೇನೆ.

ದುಡ್ಡು, ಬಸ್ಸು, ಹಾಸ್ಟೆಲ್ಲು

ಫೀಸಿನಲ್ಲಿ ಸರ್ಕಾರಿ ಕಾಲೇಜಿಗೆ ಸಾಟಿ ಇಲ್ಲ. ಖಾಸಗಿಯಲ್ಲಿ ಒಂದು ಸೂಕ್ಷ್ಮ ಇದೆ. ಒಂದೇ ಕಟ್ಟಡದಲ್ಲಿ ಅನುದಾನಿತ ವಿಭಾಗ, ಅನುದಾನರಹಿತ ವಿಭಾಗ ಎರಡೂ ಇರುತ್ತವೆ. ಹಳೆಯ ಬಿಎ, ಬಿಎಸ್ಸಿ ಅನುದಾನಿತ ಆಗಿರಬಹುದು, ಬಿಸಿಎ, ಬಿಬಿಎ ಮತ್ತು ಹೊಸ ಕಾಂಬಿನೇಷನ್‌ಗಳು ಬಹುತೇಕ ಅನುದಾನರಹಿತ, ಫೀಸು ಹಲವು ಪಟ್ಟು. ಅರ್ಜಿ ಹಾಕುವಾಗಲೇ ಯಾವ ವಿಭಾಗ ಅಂತ ಸ್ಪಷ್ಟವಾಗಿ ಕೇಳಿಕೊಳ್ಳಿ. ದೊಡ್ಡ ಕಾಲೇಜುಗಳು ವಿಶ್ವವಿದ್ಯಾಲಯ ಆಗುತ್ತಿರುವುದನ್ನೂ ಗಮನಿಸಿ. ಬೆಂಗಳೂರಿನ ಸೇಂಟ್ ಜೋಸೆಫ್ 2022ರಲ್ಲಿ ವಿಶ್ವವಿದ್ಯಾಲಯ ಆಯಿತು, ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯಿತು. ಅಣ್ಣ ಓದುವಾಗ ಕಟ್ಟಿದ ಫೀಸಿನ ಲೆಕ್ಕ ಹಿಡಿದು ಹೋಗಬೇಡಿ, ಈ ವರ್ಷದ್ದನ್ನು ಹೊಸದಾಗಿ ಕೇಳಿ. ಬಿಸಿಎ, ಬಿಬಿಎ ಸೇರುವವರು ಇನ್ನೊಂದು ನೋಡಬೇಕು, 2024-25ರಿಂದ ಈ ಕೋರ್ಸುಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿವೆ, ಆ ಅನುಮೋದನೆ ಇದೆಯಾ ಅಂತ ಖಚಿತ ಮಾಡಿಕೊಳ್ಳಿ.

ಬಸ್ಸಿನ ವಿಷಯಕ್ಕೆ ಬಂದರೆ, 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಮಟ್ಟಿಗೆ ಈ ಲೆಕ್ಕವನ್ನೇ ಬದಲಿಸಿದೆ. ಮೊದಲು ಹುಣಸೂರಿನವರೋ ನಂಜನಗೂಡಿನವರೋ ಮೈಸೂರಿಗೆ ಓಡಾಡಬೇಕೆಂದರೆ ದಿನದ ಚಾರ್ಜೇ ಮನೆಯವರು ಬೇಡ ಅನ್ನಲು ಕಾರಣ ಆಗುತ್ತಿತ್ತು. ಈಗ ಆಧಾರ್ ತೋರಿಸಿದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಂಜನಗೂಡಿನಷ್ಟು ಹತ್ತಿರವಾದರೆ ದಿನಾ ಓಡಾಟ ಸುಲಭ. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರ್. ಹೋಗಿ ಬರಲು ದಿನಕ್ಕೆ ಮೂರು ಗಂಟೆಗೂ ಮೇಲೆ, ಜೊತೆಗೆ ಹಳ್ಳಿಯಿಂದ ತಾಲ್ಲೂಕಿಗೆ ಬರುವ ಇನ್ನೊಂದು ಬಸ್ಸು. ಬೆಳಗಿನ ಮೊದಲ ಪೀರಿಯಡ್ ಆಗಾಗ ತಪ್ಪುತ್ತದೆ, ಸಂಜೆ ಎನ್‌ಸಿಸಿ, ಎನ್‌ಎಸ್‌ಎಸ್, ನಾಟಕ, ಕೋಚಿಂಗ್ ಯಾವುದಕ್ಕೂ ನಿಲ್ಲಲು ಆಗುವುದಿಲ್ಲ. ದೊಡ್ಡ ಕಾಲೇಜಿನಲ್ಲಿ ಕ್ಲಾಸಿನ ಹೊರಗೆ ಸಿಗುವುದೇ ಅರ್ಧ. ಅದನ್ನು ಬಿಟ್ಟು ಬಸ್ಸಿಗೆ ಓಡಬೇಕಾದರೆ ದೊಡ್ಡ ಕಾಲೇಜು ಸೇರಿಯೂ ಅದರ ಅರ್ಧವೇ ಸಿಕ್ಕಂತೆ. ಅಷ್ಟು ದೂರ ಇರುವವರು ಹಾಸ್ಟೆಲ್ ಸಿಕ್ಕರೆ ಮಾತ್ರ ಹೋಗಿ, ಇಲ್ಲದಿದ್ದರೆ ಊರಲ್ಲೇ ಚೆನ್ನಾಗಿ ಓದಿ ಅನ್ನುತ್ತೇನೆ.

ಹಾಸ್ಟೆಲ್ ಬಗ್ಗೆ ಜನ ಮೊದಲೇ ಕೈಚೆಲ್ಲುತ್ತಾರೆ. ಪಿಜಿ (ಪೇಯಿಂಗ್ ಗೆಸ್ಟ್) ಅಂದರೆ ಬೆಂಗಳೂರಿನಲ್ಲಿ ಸಾಧಾರಣದ್ದಕ್ಕೇ ತಿಂಗಳಿಗೆ ಏಳೆಂಟು ಸಾವಿರ, ನಿಜ. ಆದರೆ ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ, ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಸಹಾಯಧನ ಇದೆ. ಮಠಗಳ, ಸಮುದಾಯಗಳ ಹಾಸ್ಟೆಲ್‌ಗಳು ಮೈಸೂರು, ತುಮಕೂರಿನಂಥ ಊರುಗಳಲ್ಲಿ ತಲೆಮಾರುಗಳಿಂದ ಬಡ ಮಕ್ಕಳನ್ನು ಓದಿಸಿವೆ. ಉಜಿರೆಯಲ್ಲಿ 1966ರಲ್ಲಿ ಶುರುವಾದ ಎಸ್‌ಡಿಎಂ ಕಾಲೇಜಿನ ಜೊತೆ ಸಿದ್ಧವನ ಗುರುಕುಲ ಇದೆ, ಎಷ್ಟೋ ಹಳ್ಳಿಯ ಹುಡುಗರು ಅಲ್ಲಿದ್ದುಕೊಂಡೇ ಡಿಗ್ರಿ ಮುಗಿಸಿದ್ದಾರೆ. ಉಜಿರೆ ಸಿಟಿಯಲ್ಲ, ಕಾಲೇಜು ಚಿಕ್ಕದಲ್ಲ. ದೊಡ್ಡ ಕಾಲೇಜು ಅಂದರೆ ಬೆಂಗಳೂರೇ ಆಗಬೇಕಿಲ್ಲ ಅನ್ನೋದಕ್ಕೆ ಉಜಿರೆ, ಮೂಡುಬಿದಿರೆ ಕಣ್ಣೆದುರಿಗೇ ಇವೆ. ಇವಕ್ಕೆಲ್ಲ ಜಾತಿ, ಆದಾಯ ಪ್ರಮಾಣಪತ್ರ ಬೇಕು. ರಿಸಲ್ಟ್ ಬರುವ ಮೊದಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ, ಹಾಗೇ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯಾ ನೋಡಿ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ ನಿಂತುಹೋಗುವುದು ಹೆಚ್ಚಾಗಿ ಇಂಥ ಕಾರಣಕ್ಕೆ.

ಡಿಗ್ರಿ ಆದಮೇಲೆ ಏನು

ಇದನ್ನು ಮೊದಲೇ ಯೋಚಿಸಿದವರಿಗೆ ಆಯ್ಕೆ ಅರ್ಧ ಸುಲಭ. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಥರದ ಸರ್ಕಾರಿ ಕೆಲಸಗಳ ಕಡೆ ಮನಸ್ಸಿದ್ದರೆ ಅಲ್ಲಿ ಕೇಳುವುದು ಡಿಗ್ರಿ ಆಗಿದೆಯಾ ಅಂತ, ಯಾವ ಕಾಲೇಜು ಅಂತಲ್ಲ. ಮನೆಯ ಹತ್ತಿರದ ಕಾಲೇಜಿನಲ್ಲಿ ಬಿಎ ಓದುತ್ತಾ ದಿನಾ ಸಂಜೆ ತಾಲ್ಲೂಕಿನ ಗ್ರಂಥಾಲಯದಲ್ಲಿ ಕೂತು ತಯಾರಾಗುವುದು ಒಳ್ಳೆಯ ದಾರಿ. ಬಿಎಡ್ ಮಾಡಿ ಟೀಚರ್ ಆಗಬೇಕು ಅನ್ನುವವರಿಗೂ ಹಾಗೇ, ಅವರು ಕಾಪಾಡಿಕೊಳ್ಳಬೇಕಾದದ್ದು ಪರ್ಸೆಂಟೇಜು. ಚಿಕ್ಕ ಕ್ಲಾಸು ಅದಕ್ಕೆ ಸಹಾಯವೇ.

ಕ್ಯಾಂಪಸ್‌ನಲ್ಲೇ ಕೆಲಸ ಬೇಕು ಅನ್ನುವ ಬಿಕಾಂ, ಬಿಸಿಎ ಮಕ್ಕಳ ಲೆಕ್ಕ ಬೇರೆ. ಕಂಪನಿಗಳು ಬರುವುದು ಒಂದೇ ದಿನ ನೂರಾರು ಮಕ್ಕಳನ್ನು ನೋಡಲು ಸಿಗುವ ಕಡೆಗೆ. ತಾಲ್ಲೂಕಿಗೆ ಬರುವುದು ಅಪರೂಪ, ಬಂದರೂ ಜಿಲ್ಲೆಯ ಕಾಲೇಜುಗಳೆಲ್ಲ ಸೇರಿ ಮಾಡುವ ಉದ್ಯೋಗ ಮೇಳ ಅಷ್ಟೇ. ಇವರಿಗೆ ಸಿಟಿಯೇ ಸರಿ. ಸಿಎ ಮಾಡಬೇಕು ಅನ್ನುವವರಿಗೂ ಆರ್ಟಿಕಲ್‌ಶಿಪ್‌ಗೆ (ಸಿಎಗಳ ಕೈಕೆಳಗಿನ ತರಬೇತಿಗೆ) ಮುಂದೆ ಸಿಟಿಗೆ ಹೋಗಲೇಬೇಕಾಗುತ್ತದೆ.

ಎಂಎಸ್ಸಿ, ಎಂಎ ಆಸೆ ಇರುವವರು ಒಂದು ಧೈರ್ಯ ಇಟ್ಟುಕೊಳ್ಳಿ. ಐಐಟಿಗಳ ಎಂಎಸ್ಸಿಗೆ ಜಾಮ್ ಪರೀಕ್ಷೆ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿರುವ ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅದೇ ಪರೀಕ್ಷೆ. ಚಿಕ್ಕ ಕಾಲೇಜಿನಲ್ಲಿ ಓದಿದವರಿಗೂ ಅಲ್ಲಿ ಅದೇ ಪ್ರಶ್ನೆಪತ್ರಿಕೆ. ಕೊರತೆ ಇರುವುದು ಸುದ್ದಿಯದ್ದು. ಇಂಥ ಪರೀಕ್ಷೆ ಇದೆ ಅಂತಲೇ ಊರ ಕಾಲೇಜಿನಲ್ಲಿ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಅರ್ಜಿಯ ದಿನ ಮುಗಿದಿರುತ್ತದೆ. ದೊಡ್ಡ ಕಾಲೇಜಿನ ನಿಜವಾದ ಲಾಭ ನನಗೆ ಕಾಣುವುದು ಇಲ್ಲಿಯೇ. ಸೀನಿಯರ್ಸ್ ಬರೆದಿರುತ್ತಾರೆ, ಪಕ್ಕದ ಬೆಂಚಿನವರು ಬರೆಯುತ್ತಿರುತ್ತಾರೆ, ಕೇಳದಿದ್ದರೂ ಕಿವಿಗೆ ಬೀಳುತ್ತದೆ.

ಸ್ವಾಯತ್ತ ಕಾಲೇಜಿನ ಬಗ್ಗೆ ಒಂದು ಮಾತು. ಡಿಗ್ರಿ ವಿಶ್ವವಿದ್ಯಾಲಯದ್ದೇ, ಆದರೆ ಸಿಲಬಸ್, ಪರೀಕ್ಷೆ, ರಿಸಲ್ಟ್ ಕಾಲೇಜಿನ ಕೈಯಲ್ಲಿ. ಪರೀಕ್ಷೆಯನ್ನೂ ವಿಶ್ವವಿದ್ಯಾಲಯವೇ ನಡೆಸುವ ಸಂಯೋಜಿತ ಕಾಲೇಜಿನವರು ಅದರ ರಿಸಲ್ಟಿಗೆ ತಿಂಗಳುಗಟ್ಟಲೆ ಕಾಯುವಾಗ ಸ್ವಾಯತ್ತ ಕಾಲೇಜಿನವರ ಅಂಕಪಟ್ಟಿ ಕೈಗೆ ಬಂದಿರುತ್ತದೆ. ಕೊನೇ ಸೆಮಿಸ್ಟರಿನಲ್ಲಿ ಇದು ಒಂದು ವರ್ಷವನ್ನೇ ಉಳಿಸಬಹುದು.

ಸೇರುವ ಮೊದಲು ಎರಡೂ ಕಾಲೇಜಿಗೆ ಹೋಗಿ ಬನ್ನಿ. ಅಡ್ಮಿಷನ್ ಗಲಾಟೆಯಲ್ಲಿ ಕಾಲೇಜಿನ ನಿಜ ಕಾಣುವುದಿಲ್ಲ, ಆದ್ದರಿಂದ ಪಿಯು ಪರೀಕ್ಷೆ ಮುಗಿದ ಮೇಲೆ ಡಿಗ್ರಿ ಕ್ಲಾಸುಗಳು ನಡೆಯುತ್ತಿರುವಾಗಲೇ ಒಂದು ದಿನ ಹನ್ನೊಂದು ಗಂಟೆಗೆ ಹೋಗಿ. ಕ್ಲಾಸುಗಳಲ್ಲಿ ಪಾಠ ನಡೀತಿದೆಯಾ, ಮಕ್ಕಳೆಲ್ಲ ಹೊರಗಿದ್ದಾರಾ ನೋಡಿ. ನೋಟಿಸ್ ಬೋರ್ಡಿನಲ್ಲಿ ಟೈಮ್‌ಟೇಬಲ್ ಇರುತ್ತದೆ, ನಿಮ್ಮ ವಿಷಯದ ಎದುರು ಹೆಸರು ಇದೆಯಾ, ಖಾಲಿ ಇದೆಯಾ ಗಮನಿಸಿ. ಎರಡನೇ ವರ್ಷದ ಮಕ್ಕಳನ್ನು ಮಾತಾಡಿಸಿ, ಕಳೆದ ಸೆಮಿಸ್ಟರಿನಲ್ಲಿ ಸಿಲಬಸ್ ಮುಗೀತಾ ಅಂತ ಕೇಳಿ, ಅವರು ನಿಜ ಹೇಳುತ್ತಾರೆ. ಹೆಣ್ಣುಮಕ್ಕಳು ಟಾಯ್ಲೆಟ್ ಹೇಗಿದೆ ಅಂತ ಖಂಡಿತ ನೋಡಿ ಬನ್ನಿ, ನೀರಿಲ್ಲದ ಕಾಲೇಜಿನಲ್ಲಿ ದಿನವಿಡೀ ನೀರು ಕುಡಿಯದೆ ಕೂರುವ ಹುಡುಗಿಯರಿದ್ದಾರೆ. ಹೋಗಲು ಆಗದಿದ್ದರೆ ಕಾಲೇಜಿನ ವೆಬ್‌ಸೈಟಿನಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಸಲ್ಲಿಸಿದ ವರದಿ ಹುಡುಕಿ. ಎ, ಬಿ ಅನ್ನುವ ಗ್ರೇಡಿಗಿಂತ ಆ ವರದಿಯ ಒಳಗಿರುವ ಅಧ್ಯಾಪಕರ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆ ಜಾಸ್ತಿ ಹೇಳುತ್ತದೆ.

ಸೇರಿದ ಮೇಲೆ ತಪ್ಪಾಯಿತು ಅನ್ನಿಸಿದರೂ ದಾರಿ ಮುಚ್ಚಿಲ್ಲ. ಮೊದಲ ವರ್ಷ ಮುಗಿದು ಮೂರನೇ ಸೆಮಿಸ್ಟರ್ ಶುರುವಾಗುವಾಗ ಕಾಲೇಜು ಬದಲಿಸಬಹುದು. ಅದೇ ವಿಶ್ವವಿದ್ಯಾಲಯದ ಒಳಗೆ, ಅದೇ ವಿಷಯಗಳು, ಹೋಗುವ ಕಾಲೇಜಿನಲ್ಲಿ ಸೀಟು ಖಾಲಿ ಇದ್ದರೆ ಸುಲಭ. ಬೇರೆ ವಿಶ್ವವಿದ್ಯಾಲಯಕ್ಕೆ, ಸ್ವಾಯತ್ತ ಕಾಲೇಜಿಗೆ ಅಂದರೆ ಸಿಲಬಸ್ ಹೊಂದಬೇಕು, ಓಡಾಟ ಜಾಸ್ತಿ. ಎರಡನೇ ಸೆಮಿಸ್ಟರ್ ನಡೆಯುತ್ತಿರುವಾಗಲೇ ಎರಡೂ ಕಡೆಯ ಪ್ರಾಂಶುಪಾಲರನ್ನು ಕಂಡು ಮಾತಾಡಿ, ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಏನೇನು ಕಾಗದ ಬೇಕು ಅಂತ ಬರೆಸಿಕೊಂಡು ಬನ್ನಿ. ರಿಸಲ್ಟ್ ಬಂದ ಮೇಲೆ ಓಡಾಡಲು ಶುರು ಮಾಡಿದರೆ ಸೀಟು ಸಿಗುವುದು ಕಷ್ಟ.